ಶಿರಸಿಯಲ್ಲಿ ‘ಎಲ್ಲ ಸೇರಿ’ ಬಾಡಿಗೆ ಮನೆ: ಕರೆಂಟು, ನೀರು ಒಳಗೊಂಡಿದ್ದರೆ ಲೆಕ್ಕ ಹಾಕುವುದು ಹೇಗೆ?

ಹುಬ್ಬಳ್ಳಿ ಟು ಶಿರಸಿ ಕೇಳಿದ್ದು:

ಮುಂದಿನ ತಿಂಗಳಿಂದ ಶಿರಸಿಯಲ್ಲಿ ಕೆಲಸ. ಎರಡು ಮನೆ ನೋಡಿಟ್ಟಿದ್ದೇವೆ. ಎರಡೂ 2ಬಿಎಚ್‌ಕೆ, ಎರಡೂ ಮೊದಲ ಮಹಡಿ.

ಮೊದಲನೆಯದು ಮಾಲೀಕರ ಮನೆಯ ಮೇಲಿನ ಮಹಡಿ. ಬಾಡಿಗೆ 7,500, ನೀರಿಗೆ 200, ಕರೆಂಟ್ ಬಿಲ್ ನಾವೇ ಕಟ್ಟಬೇಕು. ಅಡ್ವಾನ್ಸ್ 40,000. ಎರಡನೆಯದು ನಾಲ್ಕು ಮನೆಗಳ ಸಣ್ಣ ಅಪಾರ್ಟ್‌ಮೆಂಟ್. ಬಾಡಿಗೆ 9,500, ಅದರಲ್ಲೇ ಕರೆಂಟು, ನೀರು, ಕಸ, ಮೆಟ್ಟಿಲ ಲೈಟು ಎಲ್ಲ ಬಂತು ಅನ್ನುತ್ತಾರೆ. ಅಡ್ವಾನ್ಸ್ 50,000. ‘ಬಿಲ್ಲಿನ ತಲೆನೋವೇ ಇಲ್ಲ’ ಅನ್ನುವುದು ಓನರ್ ಮಾತು.

ಮನೆಯಲ್ಲಿ ನಾವಿಬ್ಬರು, ಒಂದು ಮಗು. 25 ಲೀಟರ್ ಗೀಸರ್, ಸಿಂಗಲ್ ಡೋರ್ ಫ್ರಿಜ್, ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಟಿವಿ, ಇಂಡಕ್ಷನ್ ಒಲೆ ಇವೆ. ಎಸಿ ಇಲ್ಲ. ಎರಡು ಸಾವಿರದ ವ್ಯತ್ಯಾಸ ಸರಿಹೋಗುತ್ತದೆಯೇ? ಗೃಹಜ್ಯೋತಿ ಎರಡನೇ ಮನೆಯಲ್ಲಿ ಸಿಗುತ್ತದೆಯೇ? ಕರಾರಿನಲ್ಲಿ ಏನೇನು ಬರೆಸಬೇಕು?

---

ಫ್ಯೂಸ್ ಕಟ್ಟು ಉತ್ತರ:

ಬಾಡಿಗೆಯ ಚೌಕಾಸಿಗೆ ಇಳಿಯುವ ಮೊದಲು ಎರಡನೇ ಮನೆಯ ಮೀಟರ್ ಬೋರ್ಡ್ ನೋಡಿ ಬನ್ನಿ. ನಿಮ್ಮ ಮನೆಗೇ ಪ್ರತ್ಯೇಕ ಹೆಸ್ಕಾಂ ಮೀಟರ್, ಅದಕ್ಕೊಂದು ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಇದೆಯೇ, ಇಲ್ಲಾ ಇಡೀ ಕಟ್ಟಡಕ್ಕೆ ಒಂದೇ ಮೀಟರೇ? ಉಳಿದ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಮೊದಲು ನಿಮ್ಮ ಖರ್ಚು ಎಷ್ಟಾಗಬಹುದು ನೋಡೋಣ. ಒಂದು ಬಕೆಟ್ ಸ್ನಾನದ ನೀರು, ಅಂದರೆ 20 ಲೀಟರನ್ನು 20 ಡಿಗ್ರಿ ಮೇಲೇರಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ಮೂರು ಜನಕ್ಕೆ, ಗೀಸರ್ ಟ್ಯಾಂಕಿನಿಂದ ಆರಿಹೋಗುವ ಶಾಖವೂ ಸೇರಿ ದಿನಕ್ಕೆ ಒಂದೂಮುಕ್ಕಾಲು ಯೂನಿಟ್ ಹಿಡಿಯಿರಿ. ತಿಂಗಳಿಗೆ 50 ದಾಟುತ್ತದೆ. ಫ್ರಿಜ್ 15ರಿಂದ 20. ಸಾದಾ ಫ್ಯಾನ್ 75 ವಾಟ್ ಎಳೆಯುತ್ತದೆ, ದಿನಕ್ಕೆ ಎಂಟು ತಾಸು ಓಡಿದರೆ ಒಂದಕ್ಕೆ 18 ಯೂನಿಟ್. ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನ್ ಆದರೆ ಏಳು. ವೈಫೈ ರೂಟರ್ ಬರೀ 10 ವಾಟ್, ಆದರೆ ಆರಿಸುವವರೇ ಇಲ್ಲ, ಅದೂ ತಿಂಗಳಿಗೆ ಏಳು ತಿನ್ನುತ್ತದೆ. ಎಲ್‌ಇಡಿ ಬಲ್ಬುಗಳಿಗೆ ಏಳೆಂಟು, ಟಿವಿಗೆ ಏಳು. ಫ್ರಂಟ್ ಲೋಡ್ ಮೆಷಿನ್ನಿನಲ್ಲಿ ತಣ್ಣೀರ ವಾಶ್ ಇಟ್ಟರೆ ತಿಂಗಳಿಗೆ ಐದಾರು. 40 ಡಿಗ್ರಿಯ ವಾಶ್ ಇಟ್ಟರೆ ಅದರೊಳಗಿನ ಹೀಟರ್ ಕಾಯಿಲೇ ಮುಕ್ಕಾಲು ಪಾಲು ಕರೆಂಟು ಎಳೆಯುತ್ತದೆ, ಖರ್ಚು ಮೂರ್ನಾಲ್ಕು ಪಟ್ಟು. ಎಲ್ಲ ಕೂಡಿ 130 ಯೂನಿಟ್ ಆಸುಪಾಸು. ಅಡುಗೆ ಪೂರ್ತಿ ಇಂಡಕ್ಷನ್ ಮೇಲಾದರೆ ಇನ್ನೊಂದು 45 ಸೇರಿಸಿ.

2025-26ರ ದರದಲ್ಲಿ ಗೃಹಬಳಕೆಗೆ ಯೂನಿಟ್‌ಗೆ 5 ರೂ. 80 ಪೈಸೆ. ಅದರ ಮೇಲೆ ನೌಕರರ ಪಿಂಚಣಿ ಬಾಬ್ತು 36 ಪೈಸೆ, ವಿದ್ಯುತ್ ತೆರಿಗೆ ಶೇ. 9, ಜೊತೆಗೆ ಮೀಟರಿಗೆ ಮಂಜೂರಾದ ಲೋಡ್‌ನ ಪ್ರತಿ ಕಿಲೋವಾಟ್‌ಗೆ 145 ರೂ. ನಿಗದಿ ಶುಲ್ಕ. 2 ಕಿಲೋವಾಟ್ ಮನೆಗೆ 130 ಯೂನಿಟ್ ಅಂದರೆ ಸುಮಾರು 1,160 ರೂ. ತಿಂಗಳಿಂದ ತಿಂಗಳಿಗೆ ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕ ಇದರ ಮೇಲೊಂದಿಷ್ಟು.

ಈಗ ಗೃಹಜ್ಯೋತಿಗೆ ಬರೋಣ. 2023ರ ಆಗಸ್ಟ್ ಬಿಲ್ಲಿನಿಂದ ಜಾರಿಗೆ ಬಂದ ಯೋಜನೆ ಇದು. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂತ ತಿಳಿದವರು ಬಹಳ ಜನ. ನಿಜದಲ್ಲಿ ಆ ಮೀಟರಿನ 2022-23ರ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ. 10 ಸೇರಿಸಿದಷ್ಟು ಮಾತ್ರ ಉಚಿತ. ಸರಾಸರಿ 48ಕ್ಕಿಂತ ಕಡಿಮೆ ಇದ್ದ ಮನೆಗಳಿಗೆ 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಹೆಚ್ಚಿಗೆ ಕೊಟ್ಟರು. ಹಳೆಯ ಬಳಕೆಯ ದಾಖಲೆ ಇಲ್ಲದ ಹೊಸ ಮೀಟರಿಗೆ 58. ಈ ಮಿತಿ ದಾಟಿದರೆ ಹೆಚ್ಚಾದ ಯೂನಿಟ್‌ಗೆ ದುಡ್ಡು, 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಪಡೆಯಬಹುದು, ಆದರೆ ಒಂದು ಆಧಾರ್‌ಗೆ ಒಂದೇ ಮೀಟರ್.

ನಾಲ್ಕು ಮನೆಗೆ ಒಂದೇ ಮೀಟರ್ ಇದ್ದರೆ ಆಗುವುದು ಇದು: ಮನೆಗೆ 130ರಂತೆ 520 ಯೂನಿಟ್. 200ರ ಗೆರೆ ತಿಂಗಳ ಎರಡನೇ ವಾರಕ್ಕೇ ದಾಟಿತು, ಯಾರಿಗೂ ಒಂದು ಪೈಸೆ ರಿಯಾಯಿತಿ ಇಲ್ಲ. ಅಂಥ ಕಟ್ಟಡದಲ್ಲಿ ‘ಎಲ್ಲ ಸೇರಿ’ ಅನ್ನುವ ಬಾಡಿಗೆ ನಿಮಗೆ ಬರಬೇಕಾದ ಸೌಲಭ್ಯವನ್ನು ಬಾಗಿಲಲ್ಲೇ ತಡೆಯುತ್ತದೆ. ಪ್ರತ್ಯೇಕ ಮೀಟರಿದ್ದೂ ಓನರ್ ‘ಎಲ್ಲ ಸೇರಿ’ ಅನ್ನುತ್ತಿದ್ದರೆ ಇನ್ನೂ ಹುಷಾರು. ಹಿಂದಿನ ಬಾಡಿಗೆದಾರರ ಆಧಾರ್ ಮೇಲೆ ಬಿಲ್ಲು ಕಡಿಮೆ ಬರುತ್ತಿರಬಹುದು, ನೀವು ಮಾತ್ರ ಪೂರ್ತಿ ಕೊಡುತ್ತಿರುತ್ತೀರಿ. ಕಳೆದ ಮೂರು ತಿಂಗಳ ಬಿಲ್ ಕೇಳಿ. ಎಷ್ಟು ಯೂನಿಟ್, ಎಷ್ಟು ಮನ್ನಾ, ಬಾಕಿ ಇದೆಯೋ ಇಲ್ಲವೋ ಎಲ್ಲ ಅದರಲ್ಲೇ ಗೊತ್ತಾಗುತ್ತದೆ.

ಮೊದಲನೇ ಮನೆಗೆ ಹೋದರೂ ಒಂದು ಕೆಲಸ ಬಾಕಿ ಇರುತ್ತದೆ. ಹುಬ್ಬಳ್ಳಿಯ ಮೀಟರಿಗೆ ನಿಮ್ಮ ಆಧಾರ್ ಜೋಡಣೆ ಆಗಿದ್ದರೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಮಾಡಿ. ಹೊಸ ಮನೆಯ ಮೀಟರಿನಿಂದ ಹಿಂದಿನವರ ಆಧಾರ್ ಕೂಡ ಬಿಡಿಸಿರಬೇಕು. ಆಮೇಲೆ ಹೊಸ ಅಕೌಂಟ್ ಐಡಿ, ಆಧಾರ್, ಬಾಡಿಗೆ ಕರಾರು ಇಟ್ಟುಕೊಂಡು ಅರ್ಜಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಅದಕ್ಕೇ ಬರುತ್ತದೆ. ಹಿಂದಿನವರು ಊರು ಬಿಟ್ಟು ಹೋಗಿ ಫೋನ್ ಎತ್ತದಿದ್ದರೆ ಹೆಸ್ಕಾಂ ಉಪವಿಭಾಗ ಕಚೇರಿಗೆ ಅಲೆಯಬೇಕಾಗುತ್ತದೆ. ಅದಕ್ಕೇ ಬೀಗದ ಕೈ ತೆಗೆದುಕೊಳ್ಳುವ ಮೊದಲು ಓನರ್ ಕಡೆಯಿಂದ ಈ ಕೆಲಸ ಮುಗಿಸಿಕೊಳ್ಳಿ.

---

ಬಾವಿಕಟ್ಟೆ ಉತ್ತರ:

ಕರೆಂಟಿನ ಲೆಕ್ಕ ಮೇಲೆ ಬಂತು. ‘ನೀರು ಸೇರಿ’ ಅಂದಾಗ ಯಾವ ನೀರು ಅಂತ ಕೇಳಿದಿರಾ?

ಶಿರಸಿಗೆ ನಗರಸಭೆ ನೀರು ಬರುವುದು ಕೆಂಗ್ರೆ ಮತ್ತು ಮಾರಿಗದ್ದೆಯಿಂದ. ಬೇಸಿಗೆಯಲ್ಲಿ ಹೊಳೆ ಇಳಿದ ಹಾಗೆ ನಲ್ಲಿಗೆ ಬರುವ ದಿನಗಳೂ ಇಳಿಯುತ್ತವೆ. ಮನೆಗಳು ನಿಜವಾಗಿ ನಡೆಯುವುದು ಬಾವಿ ಇಲ್ಲವೇ ಬೋರ್‌ವೆಲ್ ಮೇಲೆ. ಹಾಗಾಗಿ ಮಾರ್ಚಿನಿಂದ ಮೇ ಕೊನೆವರೆಗಿನ ಸ್ಥಿತಿ ಕೇಳಿಕೊಳ್ಳಿ. ಬಾವಿಯಲ್ಲಿ ಏಪ್ರಿಲ್‌ಗೆ ಎಷ್ಟು ಅಡಿ ನೀರು ಉಳಿಯುತ್ತದೆ? ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು? ‘ಎಲ್ಲ ಸೇರಿ’ ಅಂದವರಲ್ಲಿ ಹತ್ತಕ್ಕೆ ಎಂಟು ಮಂದಿ ಟ್ಯಾಂಕರನ್ನು ಅದರಲ್ಲಿ ಸೇರಿಸಿರುವುದಿಲ್ಲ. ಓನರ್ ಹತ್ತಿರ ಕೇಳುವುದಕ್ಕಿಂತ ಪಕ್ಕದ ಮನೆಯವರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಟ್ಯಾಂಕ್ ಅಳತೆಯನ್ನೂ ನೋಡಿ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ನಾಲ್ಕು ಮನೆಯ 12 ಜನಕ್ಕೆ 1,600 ಲೀಟರ್ ಬೇಕು. ಮೇಲಿರುವುದು ಸಾವಿರ ಲೀಟರಿನ ಒಂದೇ ಟ್ಯಾಂಕ್ ಆದರೆ ದಿನಕ್ಕೆರಡು ಸಲ ಮೋಟರ್ ಹಾಕಬೇಕು. ಬೆಳಿಗ್ಗೆ ಎಂಟಕ್ಕೆ ನಲ್ಲಿ ಗುರುಗುಟ್ಟುತ್ತದೆ, ಯಾರು ಸ್ವಿಚ್ ಹಾಕಬೇಕು ಅನ್ನುವುದೇ ಜಗಳ. ಫ್ಲೋಟ್ ಸ್ವಿಚ್ ಇರುವ ಆಟೋಮ್ಯಾಟಿಕ್ ಕಂಟ್ರೋಲರ್ ಇದ್ದರೆ ಅರ್ಧ ತಂಟೆ ತಪ್ಪಿತು.

ಮೋಟರ್ ಕರೆಂಟ್ ಹೆಸರಲ್ಲಿ ಮನೆಗೆ 200, 300 ಕೇಳುವವರಿದ್ದಾರೆ. 1 ಎಚ್‌ಪಿ ಮೋಟರ್ ತಾಸಿಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ತೆರೆದ ಬಾವಿಯಿಂದ ಎರಡು ಮಹಡಿ ಮೇಲಕ್ಕೆ ಸಾವಿರ ಲೀಟರ್ ಏರಿಸಲು ಅರ್ಧ ತಾಸು. ಅಂದರೆ 1,600 ಲೀಟರಿಗೆ ದಿನಕ್ಕೆ ಮುಕ್ಕಾಲು ಯೂನಿಟ್ ಚಿಲ್ಲರೆ, ತಿಂಗಳಿಗೆ 25. ನಾಲ್ಕೂ ಮನೆ ಕೂಡಿ 200 ರೂಪಾಯಿ ಮುಟ್ಟುವುದೇ ಕಷ್ಟ. ಆಳದ ಬೋರ್‌ವೆಲ್ ಆದರೆ ಇದರ ಎರಡು ಮೂರು ಪಟ್ಟು.

ಮನೆ ನೋಡಲು ಹೋದಾಗ ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿ 20 ಲೀಟರ್ ಬಕೆಟ್ ಇಡಿ. ಎರಡು ನಿಮಿಷದೊಳಗೆ ತುಂಬಿದರೆ ಚಿಂತೆಯಿಲ್ಲ. ಮೂರು ದಾಟಿದರೆ ಪೈಪಿನಲ್ಲಿ ಕೆಂಪು ಮಣ್ಣು ಕೂತಿದೆ, ಇಲ್ಲವೇ ಟ್ಯಾಂಕ್ ಎತ್ತರ ಸಾಲದು. ನಿಮ್ಮದು ಫ್ರಂಟ್ ಲೋಡ್ ಅಂದಿದ್ದೀರಿ. ಟ್ಯಾಂಕಿನ ತಳದಿಂದ ನಲ್ಲಿಗೆ ಸುಮಾರು 3 ಮೀಟರ್ ಇಳಿತ ಇರದಿದ್ದರೆ ಮೆಷಿನ್ ಹೊತ್ತಿಗೆ ಸರಿಯಾಗಿ ನೀರು ತುಂಬಿಕೊಳ್ಳದೆ ಎರರ್ ತೋರಿಸಿ ನಿಲ್ಲುತ್ತದೆ. ಮಳೆಗಾಲದಲ್ಲಿ ಅದರ ಇನ್‌ಲೆಟ್ ಪೈಪಿನ ಬುಡದಲ್ಲಿರುವ ಸಣ್ಣ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ಬಿಚ್ಚಿ ತೊಳೆಯಿರಿ.

ಮಳೆ ಹಿಡಿದ ಮೇಲೆ ಬಾವಿ ನೀರು ಕೆಂಪಾಗುತ್ತದೆ. ಕುಡಿಯುವ ನೀರು ಕಾಯಿಸುವುದು ಹೇಗೂ ಇದ್ದೇ ಇದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಯಾರು ಅಂತಲೂ ಮಾತಾಡಿಕೊಳ್ಳಿ. ಸಾವಿರ ಲೀಟರಿಗೆ 2.5 ಗ್ರಾಂ ಪ್ರಮಾಣ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅದಕ್ಕೆ 24 ಗ್ರಾಂ. ಪುಡಿಯನ್ನು ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು ಕೊಡಪಾನದಿಂದ ಕದಡಬೇಕು. ಒಂದು ತಾಸು ಮೋಟರ್ ಹಾಕಬಾರದು. ಡಬ್ಬ ತೆರೆದಿಟ್ಟು ವಾಸನೆ ಹೋದ ಪುಡಿ ಹಾಕಿದರೆ ಬಾವಿಗೆ ಸುಣ್ಣ ಬಿದ್ದಷ್ಟೇ ಪ್ರಯೋಜನ.

ಇನ್ನು ಕಕ್ಕಸ್ಸಿನ ಪಿಟ್. ಜುಲೈ, ಆಗಸ್ಟಿನಲ್ಲಿ ನೆಲದ ನೀರು ಮೇಲೆ ಬಂದಾಗ ಇಂಗುಗುಂಡಿ ನೀರು ಹೀರುವುದಿಲ್ಲ, ಕಕ್ಕಸ್ಸಿನಲ್ಲಿ ಫ್ಲಶ್ ಮಾಡಿದ್ದು ನಿಧಾನ ಇಳಿಯುತ್ತದೆ. ಸಕ್ಕಿಂಗ್ ಗಾಡಿ ಕರೆಸುವ ಖರ್ಚು ಓನರದ್ದು ಅಂತ ಬಾಯಿ ಬಿಟ್ಟು ಹೇಳಿಸಿಕೊಳ್ಳಿ. ಪಿಟ್ಟಿನಿಂದ ಬಾವಿ ಎಷ್ಟು ದೂರ ಅನ್ನುವುದನ್ನೂ ಕಣ್ಣಳತೆಯಲ್ಲಿ ನೋಡಿ. 15 ಮೀಟರಿಗಿಂತ ಹತ್ತಿರ ಇದ್ದರೆ ಆ ಬಾವಿಯ ನೀರು ಬಳಕೆಗೆ ಸಾಕು, ಕುಡಿಯಲು ಬೇಡ.

---

ಹುಬ್ಬಳ್ಳಿ ಟು ಶಿರಸಿ:

ಇಬ್ಬರಿಗೂ ಧನ್ಯವಾದ. ಮೀಟರ್ ಬೋರ್ಡಿನ ಫೋಟೊ ತರಿಸಿಕೊಂಡೆ. ಅಪಾರ್ಟ್‌ಮೆಂಟಿಗೆ ಒಂದೇ 3-ಫೇಸ್ ಹೆಸ್ಕಾಂ ಮೀಟರ್, ಒಳಗೆ ಒಂದೊಂದು ಮನೆಯ ಬಳಕೆ ಅಳೆಯಲು ಓನರ್ ಕಡೆಯ ನಾಲ್ಕು ಸಬ್ ಮೀಟರ್. ಕೆಳಗೆ ಓನರ್ ಅವರದ್ದೇ ಒಂದು ಸಣ್ಣ ಅಂಗಡಿ, ಅದಕ್ಕೂ ಇದೇ ಮೀಟರಿನಿಂದ ಲೈನ್ ಹೋಗಿದೆ. ‘ಸೇರಿ’ ಬೇಡ ಅಂದರೆ 8,000 ಬಾಡಿಗೆ, ಸಬ್ ಮೀಟರ್ ಪ್ರಕಾರ ಯೂನಿಟ್‌ಗೆ 10 ರೂಪಾಯಿ ಅನ್ನುತ್ತಾರೆ. ಬಿಸಿನೀರಿಗೆ ಮಾಳಿಗೆ ಮೇಲೆ ಸೋಲಾರ್ ಇದೆಯಂತೆ. ಬೇಕಾದರೆ ಆರು ತಿಂಗಳಲ್ಲಿ ಬೇರೆ ಮೀಟರ್ ಹಾಕಿಸಿಕೊಡುತ್ತಾರಂತೆ.

---

ಫ್ಯೂಸ್ ಕಟ್ಟು:

ಅಂಗಡಿ ವಿಷಯವೇ ಎಲ್ಲಕ್ಕಿಂತ ದೊಡ್ಡದು. ಗೃಹಬಳಕೆ ಮೀಟರಿನಿಂದ ವ್ಯಾಪಾರಕ್ಕೆ ಕರೆಂಟು ಕೊಡುವುದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ ಅನಧಿಕೃತ ಬಳಕೆ. ಜಾಗೃತ ದಳ ಬಂದರೆ ಆ ವರ್ಗದ ದರದ ಎರಡು ಪಟ್ಟು ಹಾಕುತ್ತಾರೆ. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ ಕಟ್ಟುತ್ತಾರೆ. ದಂಡ ಓನರದ್ದು, ನಿಜ. ಕಟ್ಟುವ ತನಕ ಲೈನ್ ಕಟ್ ಆದರೆ ಕತ್ತಲಲ್ಲಿ ಕೂರುವವರು ಮೇಲಿನ ನಾಲ್ಕು ಮನೆಯವರು. ಅಂಗಡಿಗೆ ವಾಣಿಜ್ಯ ಮೀಟರ್ ಬೇರೆ ಆಗುವ ತನಕ ಆ ಮನೆಗೆ ಕೈ ಹಾಕಬೇಡಿ ಅಂತಲೇ ನನ್ನ ಮಾತು.

ಯೂನಿಟ್‌ಗೆ 10 ಜಾಸ್ತಿಯಾಯಿತು. 520 ಯೂನಿಟ್, 5 ಕಿಲೋವಾಟ್ ಮಂಜೂರಾತಿ ಅಂತ ಹಿಡಿದರೆ ನಿಗದಿ ಶುಲ್ಕ, ತೆರಿಗೆ ಎಲ್ಲ ಕೂಡಿ ಬಿಲ್ಲು ಸುಮಾರು 4,200. ಭಾಗಿಸಿದರೆ ಯೂನಿಟ್‌ಗೆ 8 ರೂ. ಚಿಲ್ಲರೆ. ಪ್ರತಿ ತಿಂಗಳು ಮುಖ್ಯ ಬಿಲ್ಲಿನ ಮೊತ್ತವನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿ ಬಂದಷ್ಟೇ ಕೊಡುತ್ತೇವೆ ಅನ್ನಿ. ಬಿಲ್ಲು ತೋರಿಸಲು ಒಪ್ಪದವರ ಹತ್ತಿರ ಈ ಪದ್ಧತಿಯೇ ನಡೆಯುವುದಿಲ್ಲ.

ಸಬ್ ಮೀಟರ್ ಪರೀಕ್ಷೆ ಹತ್ತು ನಿಮಿಷದ ಕೆಲಸ. ನಿಮ್ಮ ಮನೆಯ ಎಲ್ಲ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಕೆಳಗಿಳಿಸಿ ಮೀಟರಿನ ಕೆಂಪು ದೀಪ ನೋಡಿ. ಆಗಲೂ ಮಿಣುಕುತ್ತಿದ್ದರೆ ಮೆಟ್ಟಿಲ ಲೈಟೋ, ನೀರಿನ ಮೋಟರೋ ನಿಮ್ಮ ಲೈನಿಗೆ ಸೇರಿದೆ. ನೀರಿನ ಮೋಟರ್ ಆಫ್ ಇದ್ದಾಗ ಗೊತ್ತಾಗುವುದಿಲ್ಲ, ಆದ್ದರಿಂದ ಮೋಟರ್ ಹಾಕಿಸಿ ಇನ್ನೊಮ್ಮೆ ನೋಡಿ. ಆಮೇಲೆ ಎಲ್ಲ ಆರಿಸಿ 1,500 ವಾಟ್‌ನ ಕೆಟಲ್ ಒಂದನ್ನೇ ಹಾಕಿ ಒಂದು ನಿಮಿಷ ಎಣಿಸಿ. ಮೀಟರ್ ಮೇಲೆ ಯೂನಿಟ್‌ಗೆ 3,200 ಮಿಣುಕು ಅಂತ ಬರೆದಿದ್ದರೆ ನಿಮಿಷಕ್ಕೆ 80ರ ಆಸುಪಾಸು ಬರಬೇಕು, 1,600 ಅಂತಿದ್ದರೆ 40. ವೋಲ್ಟೇಜ್ ಇಳಿದಿದ್ದರೆ ಸ್ವಲ್ಪ ಕಡಿಮೆ ಬರುತ್ತದೆ. 95, 100 ಬಂದರೆ ಮೀಟರ್ ಜಾಸ್ತಿ ಓಡುತ್ತಿದೆ ಅಂತಲೇ ಅರ್ಥ.

ಸೋಲಾರ್ ಅಂದ ಕೂಡಲೇ ಖುಷಿಪಡಬೇಡಿ. ಜೂನ್‌ನಿಂದ ಸೆಪ್ಟೆಂಬರ್ ಶಿರಸಿಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಆ ಟ್ಯಾಂಕಿನೊಳಗೆ 2 ಕಿಲೋವಾಟ್‌ನ ಬ್ಯಾಕಪ್ ಕಾಯಿಲ್ ಇರುತ್ತದೆ. 200 ಲೀಟರನ್ನು 25 ಡಿಗ್ರಿ ಏರಿಸಲು ಸುಮಾರು 6 ಯೂನಿಟ್. ಮೂರು ಬಕೆಟ್ ಬೇಕಾದವರು ಇಡೀ ಟ್ಯಾಂಕ್ ಕಾಯಿಸಿದ ಹಾಗೆ. ಆ ಕಾಯಿಲ್ ಯಾರ ಸಬ್ ಮೀಟರಿಗೆ ಸೇರಿದೆ ನೋಡಿ. ನಿಮ್ಮದಕ್ಕೇ ಸೇರಿದ್ದರೆ ಅದರ ಎಂಸಿಬಿ ಕೆಳಗಿಟ್ಟು ನಿಮ್ಮ ಗೀಸರನ್ನೇ ಬಳಸಿ. ಹಂಡೆ ಒಲೆ ಇರುವ ಮನೆ ಸಿಕ್ಕಿದರೆ ಅಡಿಕೆ ಸಿಪ್ಪೆಯಲ್ಲೇ ಸ್ನಾನ ಮುಗಿಯುತ್ತದೆ, ಆದರೆ ಮೇಲ್ಮಹಡಿಯಲ್ಲಿ ಅದು ಸಿಗುವುದಿಲ್ಲ ಬಿಡಿ.

ಆರು ತಿಂಗಳಲ್ಲಿ ಬೇರೆ ಮೀಟರ್ ಅನ್ನುವ ಮಾತನ್ನು ನಂಬಿ ದುಡ್ಡು ಕೊಡಬೇಡಿ. ಹೊಸ ಸಂಪರ್ಕಕ್ಕೆ ಈಗ ಕಟ್ಟಡದ ಸ್ವಾಧೀನಾನುಭವ ಪತ್ರದ (ಓಸಿ) ಪ್ರಶ್ನೆ ಬರುತ್ತದೆ. ಪ್ಲ್ಯಾನ್ ಮೀರಿ ಕಟ್ಟಿದ ಕಟ್ಟಡಕ್ಕೆ ಓನರ್ ಮನಸ್ಸು ಮಾಡಿದರೂ ಅಷ್ಟು ಸುಲಭಕ್ಕೆ ಆಗುವುದಿಲ್ಲ.

---

ಕರಾರು ಬರಹ ಉತ್ತರ:

ಯಾವ ಮನೆಗೆ ಹೋದರೂ ಕರಾರಿನಲ್ಲಿ ಬಾಡಿಗೆ ಬೇರೆ, ಸೌಲಭ್ಯದ ಹಣ ಬೇರೆ ಅಂತ ಒಡೆದು ಬರೆಸಿ. 9,500 ಅಂತ ಒಂದೇ ಅಂಕಿ ಬರೆದರೆ ಮೂರು ತೊಂದರೆ.

ವರ್ಷಕ್ಕೆ ಶೇ. 5 ಏರಿಕೆ ಅಂದಾಗ ಕರೆಂಟು, ನೀರಿನ ಭಾಗಕ್ಕೂ ಏರಿಕೆ ಬೀಳುತ್ತದೆ. ಸಂಬಳದಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳುವವರಾದರೆ, ಅಂದರೆ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ವಿನಾಯಿತಿ ಸಿಗುವುದು ಬಾಡಿಗೆಗೆ ಮಾತ್ರ. ಅಲ್ಲದೆ ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್ ಪ್ಯಾನ್ ಕೊಡಬೇಕು. 9,500ರಂತೆ 1,14,000 ಆಗುತ್ತದೆ, 7,500ರಂತೆ 90,000. ಸಣ್ಣ ಊರುಗಳಲ್ಲಿ ಪ್ಯಾನ್ ಕೇಳಿದ ಕೂಡಲೇ ಮಾತು ಬದಲಾಗುವುದುಂಟು. ಆಫೀಸಿಗೆ ಪುರಾವೆ ಕೊಡುವ ಜನವರಿಯಲ್ಲಿ ಪರದಾಡುವುದಕ್ಕಿಂತ ಮೊದಲೇ ಕೇಳಿ. ಮೂರನೆಯದು ಅಡ್ವಾನ್ಸ್. ಐದಾರು ತಿಂಗಳ ಬಾಡಿಗೆ ಅಡ್ವಾನ್ಸ್ ಅಂತ ಮಾತಾಗಿದ್ದರೆ ಕರೆಂಟಿನ ಭಾಗಕ್ಕೂ ಅಡ್ವಾನ್ಸ್ ಕೊಟ್ಟ ಹಾಗಾಯಿತು.

‘ಎಲ್ಲ ಸೇರಿ’ ಮನೆಗೆ ಬೇಕಾಗುವ ವಾಕ್ಯಗಳು ಇವು. ಹೀಗೇ ಟೈಪ್ ಮಾಡಿಸಬಹುದು:

‘ತಿಂಗಳ ಮೊತ್ತ 9,500 ರೂ. ಇದರಲ್ಲಿ ಬಾಡಿಗೆ 8,000 ರೂ., ವಿದ್ಯುತ್, ನೀರು ಮತ್ತು ಸಾಮಾನ್ಯ ನಿರ್ವಹಣೆ 1,500 ರೂ. ವಾರ್ಷಿಕ ಏರಿಕೆ ಬಾಡಿಗೆ ಭಾಗಕ್ಕೆ ಮಾತ್ರ ಅನ್ವಯ.’

‘11 ತಿಂಗಳ ಅವಧಿಗೆ ಒಟ್ಟು 1,430 ಯೂನಿಟ್ ವಿದ್ಯುತ್ ಮೇಲಿನ ಮೊತ್ತದಲ್ಲಿ ಸೇರಿದೆ. ಮೀರಿದ ಯೂನಿಟ್‌ಗಳಿಗೆ ಹೆಸ್ಕಾಂ ಬಿಲ್ಲಿನ ಒಟ್ಟು ಮೊತ್ತವನ್ನು ಒಟ್ಟು ಯೂನಿಟ್‌ಗಳಿಂದ ಭಾಗಿಸಿ ಬಂದ ದರದಲ್ಲಿ ಅವಧಿಯ ಕೊನೆಗೆ ಪಾವತಿ.’

ತಿಂಗಳಿಗೆ 130 ಅಂತ ಮಿತಿ ಹಾಕಿಸಬೇಡಿ. ಏಪ್ರಿಲ್, ಮೇಯಲ್ಲಿ ಫ್ಯಾನ್ ಇದ್ದರೂ ಗೀಸರ್ ಬೇಡ. ಮಳೆಗಾಲದಲ್ಲಿ ಮತ್ತು ಡಿಸೆಂಬರ್ ಚಳಿಯಲ್ಲಿ ಗೀಸರೇ ಎಲ್ಲ. ಒಂದು ತಿಂಗಳು 100, ಇನ್ನೊಂದು ತಿಂಗಳು 160 ಬರುತ್ತದೆ. ತಿಂಗಳ ಮಿತಿ ಇದ್ದರೆ 160ರ ತಿಂಗಳು ಹೆಚ್ಚಿಗೆ ಕೊಡುತ್ತೀರಿ, 100ರ ತಿಂಗಳು ಯಾರೂ ವಾಪಸ್ ಕೊಡುವುದಿಲ್ಲ.

‘ಟ್ಯಾಂಕರ್ ನೀರು, ಮೋಟರ್ ರಿಪೇರಿ, ಪಿಟ್ ಖಾಲಿ ಮಾಡಿಸುವುದು, ಮನೆ ತೆರಿಗೆ ಮಾಲೀಕರ ಹೊಣೆ. ವಿದ್ಯುತ್ ಬಾಕಿಯಿಂದ ಸಂಪರ್ಕ ಕಡಿತವಾದರೆ ಆ ದಿನಗಳ ಪೂರ್ತಿ ಬಾಡಿಗೆ ಮನ್ನಾ.’

ನೆಂಟರ ವಿಷಯ ಕೇಳಲು ಸಣ್ಣದು, ಆದರೆ ಶಿರಸಿಯಲ್ಲಿ ಸಣ್ಣದಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಒಂದೊಂದು ಮನೆಯಲ್ಲೂ ಹತ್ತು ಹನ್ನೆರಡು ಜನ. ಅದೂ ನೀರು ಇಳಿಯುವ ಹೊತ್ತಿಗೇ ಬರುವ ಜಾತ್ರೆ. ‘ಹೆಚ್ಚು ಜನ ಇದ್ದರೆ ಹೆಚ್ಚುವರಿ ಹಣ’ ಅಂತ ಓನರ್ ಬರೆಸಿದ್ದರೆ ಎಷ್ಟು ದಿನ ಮೀರಿದರೆ, ತಲೆಗೆ ಎಷ್ಟು ಅಂತ ಅಂಕಿ ಹಾಕಿಸಿ.

ಅವಧಿ 11 ತಿಂಗಳು ಇಡುವುದು ವಾಡಿಕೆ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು ಈ ಲೆಕ್ಕ. ಇ-ಸ್ಟಾಂಪ್ ಮೇಲೆ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಆರ್‌ಆರ್ ನಂಬರ್, ಮನೆ ನಂಬರ್ ಎರಡೂ ಪತ್ರದಲ್ಲಿ ಇರಲಿ, ಗೃಹಜ್ಯೋತಿ ಅರ್ಜಿಗೆ ಅದೇ ಆಧಾರ. ಬಿಡುವ ನೋಟಿಸ್ ಎರಡೂ ಕಡೆಗೆ ಒಂದು ತಿಂಗಳು ಅಂತ ಹಾಕಿ. ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಕಾನೂನು ಕೊಡುವ ನೋಟಿಸ್ ಬರೀ 15 ದಿನ. ಅಡ್ವಾನ್ಸನ್ನು ನಗದಾಗಿ ಕೊಡಬೇಡಿ. ಬ್ಯಾಂಕಿನಿಂದ ಕಳಿಸಿ, ಆ ವ್ಯವಹಾರದ ನಂಬರನ್ನೇ ಪತ್ರದಲ್ಲಿ ಬರೆಸಿ. ಬಣ್ಣದ ಖರ್ಚು ಹಿಡಿದುಕೊಳ್ಳುವುದಾದರೆ ಗರಿಷ್ಠ ಎಷ್ಟು ಅನ್ನುವುದೂ ಇರಲಿ, ಇಲ್ಲದಿದ್ದರೆ ಮಳೆಗೆ ಗೋಡೆ ಹಿಡಿದ ಬೂಸಲಿಗೂ ನೀವೇ ದಂಡ ಕಟ್ಟಬೇಕಾಗುತ್ತದೆ.

---

ಮಹಡಿ ಮೇಲಿನವ ಉತ್ತರ:

‘ಎಲ್ಲ ಸೇರಿ’ ಪದ್ಧತಿಯನ್ನು ಪೂರ್ತಿ ತಳ್ಳಿಹಾಕುವುದು ಅಷ್ಟು ಸರಿಯಲ್ಲ ಅನಿಸುತ್ತದೆ. ಆರೇಳು ತಿಂಗಳಿಗೆ ಬರುವ ತರಬೇತಿಯವರು, ಒಬ್ಬರೇ ಇರುವವರು, ಶನಿವಾರ ಊರಿಗೆ ಹೋಗಿ ಸೋಮವಾರ ಬರುವವರು ಇಂಥವರಿಗೆ ಅದು ಅನುಕೂಲ. ಆಧಾರ್ ಬಿಡಿಸು, ಜೋಡಿಸು ಅನ್ನುವ ಓಡಾಟ ಇಲ್ಲ. ಅಡುಗೆ ಪೂರ್ತಿ ಇಂಡಕ್ಷನ್ ಮೇಲೆ ಮಾಡುವವರಿಗಂತೂ ಯೂನಿಟ್ ಮಿತಿ ಇಲ್ಲದ ‘ಸೇರಿ’ ಬಾಡಿಗೆ ಲಾಭವೇ. ಆದರೆ ಮಿತಿ ಇಲ್ಲದ್ದು ಸಿಗುವುದು ಓನರ್ ಇನ್ನೂ ಲೆಕ್ಕ ಹಾಕದ ಮೊದಲ ವರ್ಷ ಮಾತ್ರ.

ಇವರ ವಿಷಯದಲ್ಲಿ ಮೊದಲನೇ ಮನೆಯೇ ಸರಿ. 7,500 ಜೊತೆ ನೀರಿಗೆ 200, ಗೃಹಜ್ಯೋತಿ ಕಳೆದು ಕರೆಂಟಿಗೆ 500ರಿಂದ 800. ಎಷ್ಟು ಹಿಡಿದರೂ 8,500 ಒಳಗೆ. ಅಲ್ಲಿ ವಿಚಾರಿಸಬೇಕಾದ್ದು ಒಂದೇ: ಕೆಳಮನೆಗೂ ಮೇಲ್ಮನೆಗೂ ಬೇರೆ ಬೇರೆ ಮೀಟರ್ ಇದೆಯಾ? ‘ಕರೆಂಟ್ ಬಿಲ್ ನೀವು ಕಟ್ಟಬೇಕು’ ಅಂದಮಾತ್ರಕ್ಕೆ ಮೀಟರ್ ಬೇರೆ ಅಂತಲ್ಲ, ಅದೂ ಸಬ್ ಮೀಟರ್ ಆಗಿರಬಹುದು.

ಗ್ಯಾಸ್ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲ ಸೇರಿದ ಮನೆಯಲ್ಲೂ ಸಿಲಿಂಡರ್ ಸೇರಿರುವುದಿಲ್ಲ. ಹುಬ್ಬಳ್ಳಿಯ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಠೇವಣಿ ವಾಪಸ್ ಪಡೆದು ವರ್ಗಾವಣೆ ವೋಚರ್ ತನ್ನಿ. ಶಿರಸಿಯ ಏಜೆನ್ಸಿಯಲ್ಲಿ ಅದನ್ನು, ಜೊತೆಗೆ ಬಾಡಿಗೆ ಕರಾರನ್ನು ಕೊಟ್ಟು ಈಗಿನ ದರದ ಠೇವಣಿ ಕಟ್ಟಿದರೆ ಸಂಪರ್ಕ ಸಿಗುತ್ತದೆ. ಒಲೆ ಮತ್ತು ಹಳೆಯ ಪುಸ್ತಕ ನಿಮ್ಮ ಹತ್ತಿರವೇ ಇರಲಿ. ನಡುವೆ ಹತ್ತಿಪ್ಪತ್ತು ದಿನ ಹೋದರೆ 5 ಕೆ.ಜಿ. ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ.

---

ಹುಬ್ಬಳ್ಳಿ ಟು ಶಿರಸಿ:

ಮೊದಲನೇ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ ಇದೆ, ಬಿಲ್ ತೋರಿಸಿದರು. 2022-23ರಲ್ಲಿ ಮನೆ ಹೆಚ್ಚು ಕಾಲ ಖಾಲಿ ಇತ್ತಂತೆ, ಉಚಿತ ಸಿಗುತ್ತಿರುವುದು 41 ಯೂನಿಟ್ ಮಾತ್ರ. ಮೇನ್ ಎಂಸಿಬಿ 16 ಆಂಪಿಯರ್. ಹಿಂದೆ ಇದ್ದವರು ‘ಆಗಾಗ ಟ್ರಿಪ್ ಆಗುತ್ತದೆ’ ಅಂದರು.

---

ಫ್ಯೂಸ್ ಕಟ್ಟು:

41 ಅಂದರೆ 58 ಸಿಗುವ ಮನೆಗಿಂತ ತಿಂಗಳಿಗೆ ನೂರಾ ಹದಿನೈದು ರೂಪಾಯಿ ಹೆಚ್ಚು ಬೀಳುತ್ತದೆ, ಅಷ್ಟೇ. ಅದಕ್ಕಾಗಿ ಮನೆ ಬಿಡಬೇಡಿ. ನೀರಿನ 200ನ್ನು 100ಕ್ಕೆ ಇಳಿಸಲು ಇದನ್ನು ಹೇಳಬಹುದು.

ಟ್ರಿಪ್ ಆಗುವುದು ಸಹಜವೇ. 2,000 ವಾಟ್ ಗೀಸರ್, 2,000 ವಾಟ್ ಇಂಡಕ್ಷನ್, ಸಾವಿರ ವಾಟ್ ಇಸ್ತ್ರಿಪೆಟ್ಟಿಗೆ ಬೆಳಿಗ್ಗೆ ಒಟ್ಟಿಗೆ ನಡೆದರೆ ಸುಮಾರು 22 ಆಂಪಿಯರ್. 16ರ ಎಂಸಿಬಿ ಇದನ್ನು ಸ್ವಲ್ಪ ಹೊತ್ತು ತಡೆದು, ಬಿಸಿಯಾದ ಮೇಲೆ ಬೀಳುತ್ತದೆ. 32 ಆಂಪಿಯರಿನದ್ದು ಹಾಕಿಸಿಬಿಡೋಣ ಅನ್ನುವವರಿರುತ್ತಾರೆ. ಒಳಗಿನ ವೈರ್ 2.5 ಚದರ ಮಿ.ಮೀ. ಇದ್ದರೆ ಎಂಸಿಬಿ ಬೀಳುವ ಬದಲು ವೈರೇ ಸುಡುತ್ತದೆ. ಗೀಸರಿಗೆ ಮೇನ್ ಬೋರ್ಡಿನಿಂದಲೇ 4 ಚದರ ಮಿ.ಮೀ. ಬೇರೆ ವೈರ್, 16 ಆಂಪಿಯರ್ ಸಾಕೆಟ್, ಅದಕ್ಕೊಂದು 20ರ ಎಂಸಿಬಿ ಹಾಕಿಸಿಕೊಡಿ ಅಂತ ಅಡ್ವಾನ್ಸ್ ಕೊಡುವ ಮೊದಲು ಕೇಳಿ. ಮೇನ್‌ನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಇಲ್ಲದಿದ್ದರೆ ಅದನ್ನೂ. ಇದ್ದರೆ ಅದರ ‘ಟಿ’ ಬಟನ್ ಒತ್ತಿ ನೋಡಿ, ಕೂಡಲೇ ಬೀಳಬೇಕು. ಗೋಡೆ ನೆನೆಯುವ ಊರಿದು, ಮಗು ಬೇರೆ ಇದೆ, ಇದರಲ್ಲಿ ಮಾತ್ರ ರಾಜಿ ಬೇಡ.

ಮಂಜೂರಾದ ಲೋಡ್ ಎಷ್ಟು ಅಂತ ಬಿಲ್ಲಿನಲ್ಲಿ ನೋಡಿ. 1 ಕಿಲೋವಾಟ್ ಇದ್ದರೆ ನಿಮ್ಮ ಬಳಕೆಗೆ ಅದನ್ನು ಹೆಚ್ಚಿಸಿಕೊಳ್ಳಬೇಕು, ಅರ್ಜಿ ಹಾಕಬೇಕಾದ್ದು ಓನರ್. ಬೀಗದ ಕೈ ಪಡೆಯುವ ದಿನ ಮೀಟರಿನ ರೀಡಿಂಗ್ ಫೋಟೊ ತೆಗೆದು ಇಬ್ಬರ ವಾಟ್ಸಾಪ್‌ನಲ್ಲೂ ಇರುವಂತೆ ಕಳಿಸಿ. ಆ ತಿಂಗಳ ಬಿಲ್ಲು ಬಂದಾಗ ಹಿಂದಿನವರ ಯೂನಿಟ್ ಎಷ್ಟು, ನಿಮ್ಮದೆಷ್ಟು ಅಂತ ಅದರಿಂದಲೇ ಭಾಗ ಮಾಡಬೇಕು.